ಸ್ಪೀಡ್ ಫೈನ್ ನ್ಯಾಯವಾ? ಕಟ್ಟಬೇಕಾದವರು ಯಾರು? ಕೊಡಗಿನವರು ಹೇಳಿ

ಸುಂಟಿಕೊಪ್ಪ ತೋಟದವ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು.

ನಮ್ಮ ತೋಟದ ಪಿಕಪ್ಪಿಗೆ ಸ್ಪೀಡ್ ಫೈನ್ ಬಂದಿದೆ. ಬೆಂಗಳೂರಿಗೆ ಲೋಡ್ ಹೋಗಿ ವಾಪಸ್ ಬರುವಾಗ ಹೈವೇಯ ಕ್ಯಾಮೆರಾದಲ್ಲಿ ಸಿಕ್ಕಿದ್ದು. ಆರ್‌ಸಿ ನನ್ನ ಹೆಸರಿನಲ್ಲಿರುವುದರಿಂದ ಮೆಸೇಜ್ ನನಗೇ ಬಂತು. ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಫೋಟೋ ಇತ್ತು. ಟಾರ್ಪಾಲಿನ ನೀಲಿ ಹಗ್ಗ, ನಂಬರ್ ಪ್ಲೇಟಿನ ಮೇಲಿನ ಕೆಂಪು ಮಣ್ಣು, ಮೂಲೆಯಲ್ಲಿ ಸಮಯ ಮತ್ತು ಸ್ಪೀಡ್. ಗಾಡಿ ನಮ್ಮದೇ, ಅನುಮಾನ ಇಲ್ಲ. (ಮೆಸೇಜಿನಲ್ಲಿ ಬಂದ ಲಿಂಕ್ ಮಾತ್ರ ಯಾರೂ ಒತ್ತಬೇಡಿ. ಚಲನ್ ಹೆಸರಿನಲ್ಲಿ ನಕಲಿ ಆ್ಯಪ್ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವವರು ಜಾಸ್ತಿಯಾಗಿದ್ದಾರೆ.)

ಮೊತ್ತ 1000 ರೂಪಾಯಿ. ಡ್ರೈವರ್ ಹುಡುಗ ತಾನಾಗಿಯೇ ಬಂದು, "ಸಂಬಳದಲ್ಲಿ ಹಿಡಿದುಕೊಳ್ಳಿ ಅಣ್ಣಾ" ಅಂದ. ನನಗೆ ಅದು ಸರಿ ಕಾಣಲಿಲ್ಲ. ಹಾಗಂತ ನಾನೇ ಕಟ್ಟಿಬಿಟ್ಟರೆ ಅವನಿಗೆ ಸ್ಪೀಡಿನ ಭಯ ಎಲ್ಲಿಂದ ಬರಬೇಕು ಅಂತಲೂ ಅನ್ನಿಸಿತು.

ಅದಕ್ಕೇ ಕೇಳುತ್ತಿದ್ದೇನೆ. ಮೊದಲು ಈ ತಪ್ಪಿಗೆ 400 ರೂಪಾಯಿ ಇತ್ತು. 2019ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಹಗುರ ವಾಹನಕ್ಕೆ 1000ದಿಂದ 2000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2000ದಿಂದ 4000 ಆಯಿತು. ಕರ್ನಾಟಕದಲ್ಲಿ ಅದೇ ಸೆಪ್ಟೆಂಬರಿನಲ್ಲಿ ಕಡಿಮೆ ಮಾಡಿ ಕಾರು, ಬೈಕಿಗೆ 1000ಕ್ಕೆ ನಿಲ್ಲಿಸಿದರು. ಈ 1000 ಜಾಸ್ತಿಯಾ, ಕಡಿಮೆಯಾ? ಎಲ್ಲರಿಗೂ ಒಂದೇ ಫೈನ್ ಅನ್ನುವುದು ನ್ಯಾಯವಾ? ನಮ್ಮ ಊರಿನ ರಸ್ತೆ ಲೆಕ್ಕದಲ್ಲಿ ಹೇಳಿ.

ಮೂರ್ನಾಡು ಸಿಸ್ಟರ್

ನನ್ನ ಕೇಳಿದರೆ ಫೈನ್ ಕಡಿಮೆಯೇ ಆಯಿತು.

ನಾನು ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವವಳು. ಗಾಡಿ ಬಿದ್ದು ಬರುವ ಹುಡುಗರನ್ನು ನೋಡುತ್ತಲೇ ಇರುತ್ತೇನೆ. ಹೆಲ್ಮೆಟ್ ಇರುತ್ತದೆ, ಆದರೆ ತಲೆಯ ಮೇಲಲ್ಲ. ಗೀರು ಬೀಳದ ಹೊಸ ಹೆಲ್ಮೆಟ್ಟನ್ನು ಗೆಳೆಯ ಕೈಯಲ್ಲಿ ಹಿಡಿದುಕೊಂಡು ಸ್ಟ್ರೆಚರ್ ಹಿಂದೆ ಬರುತ್ತಾನೆ. ತಲೆಗೆ ಪೆಟ್ಟಾಗಿದ್ದರೆ ಎಷ್ಟೋ ಸಲ ನಾವು ಇಲ್ಲಿ ಮಾಡುವುದು ರಕ್ತ ನಿಲ್ಲಿಸಿ, ಉಸಿರಿಗೆ ದಾರಿ ಮಾಡಿ, ಮೈಸೂರಿಗೆ ಕಳಿಸುವುದು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಮ್ಮ ಜಿಲ್ಲೆಗೆ ರೈಲಿಲ್ಲ. ಹೋಗುವುದು ಬರುವುದು ಎಲ್ಲ ಇದೇ ರಸ್ತೆಯಲ್ಲಿ. ಮಳೆಗಾಲದಲ್ಲಿ ಮರ ಬಿದ್ದರೆ ಆಂಬುಲೆನ್ಸೂ ನಿಲ್ಲಬೇಕು. ಬೆಂಗಳೂರಿನಲ್ಲಾದರೆ ಬದುಕಿಸಬಹುದಾದ ಗಾಯಕ್ಕೆ ಇಲ್ಲಿ ಜೀವ ಹೋಗಬಹುದು. ಅಂತರದ ಕಾರಣಕ್ಕೆ, ಅಷ್ಟೇ.

ಸ್ಪೀಡ್ ಸ್ವಲ್ಪ ಏರಿದರೆ ಏನಾಗುತ್ತದೆ ಅನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4ರಷ್ಟು ಏರುತ್ತದೆ. ನಡೆದು ಹೋಗುವವನಿಗೆ ಕಾರು ಗುದ್ದಿದಾಗ ಸ್ಪೀಡ್ 50ರ ಬದಲು 65 ಇದ್ದರೆ ಸಾಯುವ ಸಾಧ್ಯತೆ ನಾಲ್ಕೂವರೆ ಪಟ್ಟು. ನಮ್ಮ ರಸ್ತೆಗಳಲ್ಲಿ ಫುಟ್‌ಪಾತ್ ಎಲ್ಲಿದೆ ಹೇಳಿ. ಶಾಲೆ ಮಕ್ಕಳು, ಕಾಫಿ ಕುಯ್ಲು ಮುಗಿಸಿ ಲೈನ್ ಮನೆಗೆ (ತೋಟದ ಕಾರ್ಮಿಕರ ಸಾಲು ಮನೆ) ಹೋಗುವ ಹೆಂಗಸರು, ಎಲ್ಲರೂ ಬಿಳಿ ಗೆರೆಯ ಮೇಲೇ ನಡೆಯುತ್ತಾರೆ.

ಪಿಕಪ್ ಓಡಿಸುವವ

ಸಿಸ್ಟರ್, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನನ್ನ ಕಡೆಯದನ್ನೂ ಕೇಳಿ.

1000 ರೂಪಾಯಿ ಅಂದರೆ ನನ್ನ ಮನೆಯಲ್ಲಿ ಒಂದು ಗ್ಯಾಸ್ ಸಿಲಿಂಡರ್, ಮಗಳ ವ್ಯಾನ್ ಬಾಡಿಗೆಯಲ್ಲಿ ಒಂದು ಪಾಲು. ಶನಿವಾರ ಬರುವ ದೊಡ್ಡ ಕಾರಿನವರಿಗೆ ಅದು ಒಂದು ಊಟದ ಬಿಲ್. ಅವರು ಕಟ್ಟಿ ಮರೆತುಬಿಡುತ್ತಾರೆ. ನಾನು ಮೂರು ತಿಂಗಳು ನೆನಪಿಟ್ಟುಕೊಳ್ಳುತ್ತೇನೆ. ಒಂದೇ ತಪ್ಪಿಗೆ ಒಂದೇ ದಂಡ ಅನ್ನುತ್ತಾರೆ, ಆದರೆ ಪೆಟ್ಟು ಒಂದೇ ಅಲ್ಲವಲ್ಲ.

ಎರಡನೆಯದು, ಸ್ಪೀಡ್ ಹೊಡೆಯುವುದು ಯಾರಿಗೂ ಖುಷಿ ಅಲ್ಲ. ತರಕಾರಿ ಲೋಡ್ ಇದ್ದರೆ ಬೆಳಗಾಗುವ ಮೊದಲು ಮಂಡಿಗೆ ಮುಟ್ಟಬೇಕು. ತಡವಾದರೆ ರೇಟ್ ಬಿದ್ದುಹೋಗುತ್ತದೆ. ಮಾಲೀಕರು ಫೋನ್ ಮೇಲೆ ಫೋನ್ ಮಾಡುತ್ತಾರೆ. "ಎಲ್ಲಿದ್ದೀಯ? ಇನ್ನೂ ಪಿರಿಯಾಪಟ್ಟಣವಾ?" ಅನ್ನುತ್ತಾರೆ. ಲೋಡ್ ಮಾಡುವುದು ಅವರ ಕಡೆಯಿಂದ ಎರಡು ಗಂಟೆ ತಡ. ಆ ಎರಡು ಗಂಟೆಯನ್ನು ರಸ್ತೆಯಲ್ಲಿ ನಾನು ಸರಿ ಮಾಡಬೇಕು. ಫೈನ್ ಬಂದರೆ ಮಾತ್ರ "ನೀನು ತಾನೇ ಓಡಿಸಿದ್ದು?" ಅಂತ ಕೇಳುತ್ತಾರೆ.

ತೋಟದವರೇ, ನಿಮಗೆ ಹೇಳುತ್ತಿರುವುದಲ್ಲ ಇದು. ಆದರೆ ನಿಮ್ಮ ಹುಡುಗ ಯಾಕೆ ಓಡಿಸಿದ ಅಂತ ಒಮ್ಮೆ ಕೇಳಿ ನೋಡಿ.

ವಿರಾಜಪೇಟೆ ಮೇಷ್ಟ್ರು

ನಿವೃತ್ತ ವಿಜ್ಞಾನ ಮೇಷ್ಟ್ರು ನಾನು. ಲೆಕ್ಕ ಮಾಡಿ ನೋಡೋಣ, ಆಮೇಲೆ ನ್ಯಾಯದ ಮಾತು.

ಎದುರಿಗೆ ದನ ಬಂತು ಅಂತಿಟ್ಟುಕೊಳ್ಳಿ. ಕಣ್ಣು ನೋಡಿ, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. 40ರಲ್ಲಿ ಹೋಗುತ್ತಿದ್ದರೆ ಆ ಒಂದು ಸೆಕೆಂಡಿಗೆ ಗಾಡಿ 11 ಮೀಟರ್ ಓಡಿರುತ್ತದೆ. 60ರಲ್ಲಿ 17 ಮೀಟರ್, 80ರಲ್ಲಿ 22 ಮೀಟರ್. ಇದು ಬ್ರೇಕ್ ಒತ್ತುವ ಮೊದಲಿನ ಲೆಕ್ಕ. ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಸ್ಪೀಡಿನ ವರ್ಗದಷ್ಟು ಏರುತ್ತದೆ. ಸ್ಪೀಡ್ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ (ಘರ್ಷಣೆಯ ಅಂಕ) 0.4 ಅಂತ ಇಟ್ಟುಕೊಂಡರೆ 40ಕ್ಕೆ 16 ಮೀಟರ್, 60ಕ್ಕೆ 35 ಮೀಟರ್, 80ಕ್ಕೆ 63 ಮೀಟರ್. ಎರಡನ್ನೂ ಕೂಡಿಸಿ: 27, 52, 85 ಮೀಟರ್.

ಈಗ ನಮ್ಮ ರಸ್ತೆಗೆ ಬನ್ನಿ. ಪೆರುಂಬಾಡಿಯಿಂದ ಮಾಕುಟ್ಟಕ್ಕೆ ಇಳಿಯುವಾಗ ಒಂದು ತಿರುವಿನಿಂದ ಎಷ್ಟು ದೂರ ಕಾಣುತ್ತದೆ? ಎಷ್ಟೋ ಕಡೆ 30 ಮೀಟರ್ ಕಂಡರೆ ದೊಡ್ಡದು. ಅಂದರೆ ಮಳೆಯಲ್ಲಿ 40ರಲ್ಲಿ ಇಳಿಯುವವನು ಕಷ್ಟಪಟ್ಟು ನಿಲ್ಲಿಸುತ್ತಾನೆ. 60ರಲ್ಲಿ ಇಳಿಯುವವನು ನಿಲ್ಲಿಸಲಾರ. ಅವನು ಎಷ್ಟು ಒಳ್ಳೆಯ ಡ್ರೈವರ್, ಕಾರು ಎಷ್ಟು ಲಕ್ಷದ್ದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಳೆಗಾಲದಲ್ಲಿ ರಸ್ತೆ ಅಂಚಿಗೆ ಪಾಚಿ ಕಟ್ಟುತ್ತದೆ, ಸಿಲ್ವರ್ ಓಕ್ ಎಲೆ ಬಿದ್ದು ಅಂಟಿಕೊಳ್ಳುತ್ತದೆ. ಅಲ್ಲಿ ಹಿಡಿತ 0.4 ಕೂಡ ಇರುವುದಿಲ್ಲ.

ಇನ್ನು ಉಳಿಸುವ ಸಮಯ. ಮಡಿಕೇರಿಯಿಂದ ಕುಶಾಲನಗರ ಸುಮಾರು 30 ಕಿಲೋಮೀಟರ್. ಸರಾಸರಿ 60ರಲ್ಲಿ ಹೋದರೆ ಅರ್ಧ ಗಂಟೆ. 45ರಲ್ಲಿ ಹೋದರೆ 40 ನಿಮಿಷ. ಉಳಿತಾಯ 10 ನಿಮಿಷ. ಅದಕ್ಕೆ ಇಷ್ಟು ಅಪಾಯ.

ಹಾಗಾಗಿ ಮಿತಿ ಇಡುವುದು, ಮೀರಿದರೆ ದಂಡ ಹಾಕುವುದು ನ್ಯಾಯವೇ. ಆದರೆ ಮಿತಿ ಇಂತಹ ಲೆಕ್ಕದಿಂದ ಬರಬೇಕು, ಜನರಿಗೆ ಅದು ಗೊತ್ತಾಗಬೇಕು. ತಿರುವಿನಲ್ಲಿ ಬೋರ್ಡೇ ಇಲ್ಲ, ನೇರ ರಸ್ತೆಯಲ್ಲಿ ಸ್ಪೀಡ್ ಗನ್ ಇದೆ ಅಂದರೆ ನನ್ನ ಲೆಕ್ಕಕ್ಕೆ ಅದು ಕೂಡುವುದಿಲ್ಲ.

ಪಿಕಪ್ ಓಡಿಸುವವ

ಮೇಷ್ಟ್ರೇ, ಕೊನೆಯ ಮಾತು ನೂರಕ್ಕೆ ನೂರು ನಿಜ. ನಾನು ದಿನಾ ಹೋಗುವ ದಾರಿಯಲ್ಲಿ ಒಂದು 30ರ ಬೋರ್ಡ್ ಇದೆ. ಕಾಡುಬಳ್ಳಿ ಹಬ್ಬಿ ಕೆಂಪು ಸುತ್ತಿನ ಅರ್ಧ ಮಾತ್ರ ಕಾಣುತ್ತದೆ. ಒಳಗಿನ ಅಂಕೆ ಕಾಣುವುದಿಲ್ಲ. ಒಂದು ದಿನ ನಾನೇ ಕತ್ತಿ ತಗೊಂಡು ಬಳ್ಳಿ ಕಡಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹಬ್ಬಿತ್ತು.

ವೀಕೆಂಡಿಗೆ ಬರುವ ಮೈಸೂರಿನವಳು

ಹೊರಗಿನಿಂದ ಬರುವವರ ಪರವಾಗಿ ಸ್ವಲ್ಪ ಹೇಳಲಾ? ನಾವೆಲ್ಲ ಬೇಕೆಂದೇ ಓಡಿಸುವವರಲ್ಲ. ಬೆಂಗಳೂರು-ಮೈಸೂರು ಹೈವೇಯಲ್ಲಿ ಕಾರಿಗೆ 100ರ ಮಿತಿ ಇದೆ. ಆ ಓಟಕ್ಕೆ ಕಣ್ಣು ಹೊಂದಿಕೊಂಡುಬಿಡುತ್ತದೆ. ಅದೇ 275ನೇ ನಂಬರಿನ ರಸ್ತೆ ಹುಣಸೂರು, ಕುಶಾಲನಗರ ದಾಟಿ ಮಡಿಕೇರಿಗೆ ಹತ್ತುತ್ತದೆ. ಹೆಸರು ಒಂದೇ, ಆದರೆ ರಸ್ತೆ ಬೇರೆಯೇ. 60ರಲ್ಲಿ ಹೋಗುತ್ತಿದ್ದರೂ ತುಂಬಾ ನಿಧಾನ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಜಿಲ್ಲೆಯೊಳಗೆ ಬರುವಾಗಲೇ ದೊಡ್ಡದಾಗಿ ಒಂದು ಬೋರ್ಡ್ ಇರಲಿ. ಘಾಟಿಯಲ್ಲಿ ಇಷ್ಟು, ಊರೊಳಗೆ ಇಷ್ಟು, ಕಾಡಿನಲ್ಲಿ ಇಷ್ಟು ಅಂತ. ಅದಾದ ಮೇಲೂ ಮೀರಿದರೆ ದಂಡ ಹಾಕಿ, ಯಾರೂ ದೂರುವುದಿಲ್ಲ.

ತಿತಿಮತಿ ಕಾಡಂಚು

ಅಕ್ಕಾ, ಬೋರ್ಡ್ ಇರುವ ಕಡೆಯೂ ಓಡಿಸುವವರಿದ್ದಾರೆ. ನಮ್ಮ ಕಡೆ ರಸ್ತೆ ನೋಡಿ. ಹುಣಸೂರು-ಗೋಣಿಕೊಪ್ಪ ದಾರಿಯಲ್ಲಿ ಆನೆಚೌಕೂರು, ಮತ್ತಿಗೋಡು, ಎರಡೂ ಕಡೆ ನಾಗರಹೊಳೆ ಕಾಡು. ಆನೆ ಇದೆ, ನಿಧಾನ ಹೋಗಿ ಅಂತ ಬೋರ್ಡ್ ಇದೆ.

2018ರ ಅಕ್ಟೋಬರ್ ನೆನಪಿದೆಯಾ? ಮತ್ತಿಗೋಡು ಶಿಬಿರದ ರಂಗ. ಪುಂಡಾನೆಯಾಗಿದ್ದವನನ್ನು ಹಿಡಿದು, ಪಳಗಿಸಿ, ಮಾವುತರು ಮಗನ ಹಾಗೆ ನೋಡಿಕೊಂಡಿದ್ದರು. ರಾತ್ರಿ ರಸ್ತೆ ದಾಟುವಾಗ ಬಸ್ ಗುದ್ದಿ ಸತ್ತ. ಅಷ್ಟು ದೊಡ್ಡ ಆನೆ ಕಣ್ಣಿಗೆ ಬಿದ್ದ ಮೇಲೂ ಬಸ್ ನಿಲ್ಲಿಸಲು ಆಗಲಿಲ್ಲ ಅಂದರೆ ಮೇಷ್ಟ್ರು ಹೇಳಿದ ಮೀಟರ್ ಲೆಕ್ಕವೇ ಅದು. ಹೆಡ್‌ಲೈಟ್ ಬೆಳಕು ಎಷ್ಟು ದೂರ ಬೀಳುತ್ತದೋ ಅದರೊಳಗೆ ಗಾಡಿ ನಿಲ್ಲಬೇಕು. ನಿಲ್ಲದಿದ್ದರೆ ಸ್ಪೀಡ್ ಜಾಸ್ತಿ ಅಂತಲೇ ಅರ್ಥ. ಕಪ್ಪು ರಸ್ತೆಯಲ್ಲಿ ಆನೆಯ ಮೈ ಹತ್ತಿರ ಬರುವ ತನಕ ಕಾಣುವುದಿಲ್ಲ. 

ಕಾಡಿನ ರಸ್ತೆಗೆ ಕ್ಯಾಮೆರಾಗಿಂತ ಸುಲಭದ ಉಪಾಯ ಇದೆ. ಒಂದು ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡಿ. ಇನ್ನೊಂದು ತುದಿಯಲ್ಲಿ ವಾಪಸ್ ತಗೊಳ್ಳಿ. ಎರಡರ ನಡುವಿನ ದೂರ ಗೊತ್ತೇ ಇದೆ. ಬೇಗ ಬಂದವನು ಓಡಿಸಿಕೊಂಡೇ ಬಂದಿರಬೇಕು. ಕ್ಯಾಮೆರಾ ಕಂಡಾಗ ಮಾತ್ರ ಬ್ರೇಕ್ ಒತ್ತಿ ಆಮೇಲೆ ಎಳೆಯುವವರು ಇದರಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕಾನೂನು ಓದುತ್ತಿರುವವಳು, ಮಡಿಕೇರಿ

ತುಂಬಾ ಒಳ್ಳೆಯ ಚರ್ಚೆ. ಕಾಯ್ದೆಯಲ್ಲಿ ಇರುವ ಕೆಲವು ವಿಷಯ ಇಲ್ಲಿ ಯಾರೂ ಹೇಳಿಲ್ಲ. ಪಿಕಪ್ ಅಣ್ಣನಿಗಂತೂ ಇದು ಗೊತ್ತಿರಲೇಬೇಕು.

ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಅತಿವೇಗಕ್ಕೆ ಸಂಬಂಧಿಸಿದ್ದು. ಅದರಲ್ಲಿ ಓಡಿಸಿದವನಿಗೆ ಮಾತ್ರ ಶಿಕ್ಷೆ ಅಂತ ಇಲ್ಲ. ತನ್ನ ಕೈಕೆಳಗೆ ಕೆಲಸ ಮಾಡುವವನಿಂದ ಮಿತಿ ಮೀರಿ ಓಡಿಸುವವನಿಗೂ ಅದೇ ಶಿಕ್ಷೆ. ಇನ್ನೂ ಮುಂದೆ ಹೋಗಿ ಹೇಳುತ್ತದೆ: ಇಷ್ಟು ಹೊತ್ತಿಗೆ ಮುಟ್ಟಬೇಕು ಅಂತ ಟೈಮ್‌ಟೇಬಲ್ ಹಾಕಿದ್ದರೆ ಅಥವಾ ಆದೇಶ ಕೊಟ್ಟಿದ್ದರೆ, ವೇಗ ಮಿತಿ ಮೀರದೆ ಆ ಹೊತ್ತಿಗೆ ಮುಟ್ಟಲು ಸಾಧ್ಯವಿಲ್ಲ ಅಂತ ಕೋರ್ಟಿಗೆ ಅನ್ನಿಸಿದರೆ, ಆ ಟೈಮ್‌ಟೇಬಲ್ಲೇ ಆದೇಶ ಕೊಟ್ಟವರ ವಿರುದ್ಧ ಮೇಲ್ನೋಟದ ಸಾಕ್ಷಿ.

ಅಂದರೆ "ಇನ್ನೂ ಪಿರಿಯಾಪಟ್ಟಣವಾ?" ಅನ್ನುವ ಫೋನನ್ನು ಕಾಯ್ದೆ ಮಾಡಿದವರು ಮೊದಲೇ ಯೋಚಿಸಿದ್ದರು. ನಮ್ಮ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಟೈಮಿಂಗ್ಸಿಗಾಗಿ ಓಡುತ್ತವೆ. ಆ ಡ್ರೈವರುಗಳ ವಿಷಯದಲ್ಲೂ ಇದನ್ನು ಕೇಳಬೇಕು. ಆದರೆ ಕ್ಯಾಮೆರಾಗೆ ಕಾಣುವುದು ನಂಬರ್ ಪ್ಲೇಟ್ ಮಾತ್ರ. ಅವಸರ ಮಾಡಿದವರು ಅದರಲ್ಲಿ ಕಾಣುವುದಿಲ್ಲ. ಫೈನ್ ಅನ್ಯಾಯ ಅನ್ನಿಸುವುದು ಇಲ್ಲಿ ಅಂತ ನನಗೆ ಅನ್ನಿಸುತ್ತದೆ.

ಇನ್ನು ಕ್ಯಾಮೆರಾ ವಿಷಯ. 2021ರಲ್ಲಿ ಕೇಂದ್ರ ನಿಯಮಗಳಿಗೆ 167ಎ ಸೇರಿತು. ಅದರ ಪ್ರಕಾರ ಸ್ಪೀಡ್ ಕ್ಯಾಮೆರಾ, ಸ್ಪೀಡ್ ಗನ್‌ಗಳಿಗೆ ಅನುಮೋದನೆ ಪ್ರಮಾಣಪತ್ರ ಇರಬೇಕು, ಅದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಕ್ಯಾಮೆರಾ ಕಣ್ಗಾವಲು ಇರುವ ಜಾಗಕ್ಕೆ ಮೊದಲೇ ಎದ್ದು ಕಾಣುವ ಎಚ್ಚರಿಕೆ ಬೋರ್ಡ್ ಇರಬೇಕು. ನೋಟಿಸ್ 15 ದಿನದೊಳಗೆ ಕಳಿಸಬೇಕು. ಫೋಟೋ, ಸ್ಪೀಡ್, ಜಾಗ, ಸಮಯ ಎಲ್ಲ ಅದರಲ್ಲಿ ಇರಬೇಕು. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಫೈನನ್ನು ಪ್ರಶ್ನೆ ಮಾಡಬಹುದು. ಒಬ್ಬರು ರಸ್ತೆ ಬದಿ ನಿಂತು "ಈ ಗಾಡಿ ಜೋರಾಗಿ ಬಂತು" ಅಂತ ಕಣ್ಣಂದಾಜಿನಲ್ಲಿ ಹೇಳಿದ ಒಂದೇ ಮಾತಿಗೆ ಶಿಕ್ಷೆ ಮಾಡುವಂತಿಲ್ಲ. ಅದೂ 183ರಲ್ಲೇ ಇದೆ.

ತೋಟದವರ ಪ್ರಶ್ನೆಗೆ: ಗಾಡಿ ಯಾರು ಓಡಿಸುತ್ತಿದ್ದರು ಅಂತ ಪೊಲೀಸರು ಕೇಳಿದರೆ ಮಾಲೀಕರು ಹೆಸರು ಹೇಳಬೇಕು. 133ನೇ ಕಲಂ. ಎರಡನೇ ಸಲ ಸಿಕ್ಕಿಬಿದ್ದರೆ ಡಿಎಲ್ ವಶಕ್ಕೆ ತಗೊಳ್ಳಬಹುದು, ಅದನ್ನೂ ಗಮನದಲ್ಲಿಡಿ. ಡ್ರೈವರಿಗೆ 1000 ಹೋಗುವುದಕ್ಕಿಂತ ಡಿಎಲ್ ಹೋಗುವುದು ದೊಡ್ಡ ಹೊಡೆತ.

ಗೋಣಿಕೊಪ್ಪ ಅಮ್ಮ

ಹುಡುಗರ ವಿಷಯ ಯಾರೂ ಎತ್ತಲಿಲ್ಲ. 18 ತುಂಬದ ಮಗನಿಗೆ ಬೈಕ್ ಕೊಟ್ಟರೆ ತಂದೆ ತಾಯಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಇದೂ 2019ರಲ್ಲೇ ಬಂದದ್ದು. ನಮ್ಮ ಬೀದಿಯಲ್ಲಿ ಇದು ಗೊತ್ತಾದ ಮೇಲೆ ಎಷ್ಟೋ ಮನೆಯಲ್ಲಿ ಕೀಲಿ ಅಪ್ಪನ ಜೇಬಿಗೆ ಹೋಯಿತು. ದಂಡ ದೊಡ್ಡದಾದರೆ ಕೆಲಸ ಮಾಡುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕುಶಾಲನಗರ ಅಂಗಡಿ

ಸರಿ ಅಮ್ಮಾ, ಆದರೆ ದೊಡ್ಡ ದಂಡ ಯಾರಿಗೆ ದೊಡ್ಡದು? ಫಿನ್ಲೆಂಡಿನಲ್ಲಿ ಸಂಪಾದನೆ ನೋಡಿ ಫೈನ್ ಹಾಕುತ್ತಾರೆ. 2023ರಲ್ಲಿ ಆಲಂಡ್ ದ್ವೀಪದಲ್ಲಿ ಆಂಡೆರ್ಸ್ ವಿಕ್ಲೋಫ್ ಅನ್ನುವ ಉದ್ಯಮಿ 50ರ ಜಾಗದಲ್ಲಿ 82ರಲ್ಲಿ ಹೋಗಿ ಸಿಕ್ಕಿಬಿದ್ದರು. ಫೈನ್ 1,21,000 ಯೂರೋ. ನಮ್ಮ ಲೆಕ್ಕದಲ್ಲಿ ಒಂದು ಕೋಟಿಯ ಆಸುಪಾಸು. ಬಡವನಿಗೆ ಅವನ ದಿನದ ದುಡಿಮೆ ಲೆಕ್ಕದಲ್ಲಿ, ಶ್ರೀಮಂತನಿಗೆ ಅವನ ದುಡಿಮೆ ಲೆಕ್ಕದಲ್ಲಿ. ಪಿಕಪ್ ಅಣ್ಣ ಕೇಳುತ್ತಿರುವ ನ್ಯಾಯ ಇದೇ ಅಲ್ವಾ?

ಸುಂಟಿಕೊಪ್ಪ ತೋಟದವ

ಕೇಳಲು ಚೆನ್ನಾಗಿದೆ. ಆದರೆ ಕೊಡಗಿನಲ್ಲಿ ಅದನ್ನು ಹೇಗೆ ಮಾಡುವುದು? ನಾನು ತೋಟದವನು, ನನ್ನ ವಿಷಯವನ್ನೇ ಹೇಳುತ್ತೇನೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಹದ ಮಾಡುವುದು) ಮಾಡದೆ ಮಾರಿದರೆ ಅದು ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಅದಕ್ಕೆ ಇಲ್ಲ. ಕಾಗದದ ಮೇಲೆ ದೊಡ್ಡ ತೋಟದವನ ಆದಾಯ ಸೊನ್ನೆ ಅಂತಲೂ ಇರಬಹುದು. ಸಂಬಳದಿಂದ ತೆರಿಗೆ ಕಟ್ಟುವ ಸಿಸ್ಟರ್ ಆದಾಯ ಮಾತ್ರ ಪೈಸೆ ಬಿಡದೆ ಸರ್ಕಾರಕ್ಕೆ ಗೊತ್ತು. ಹಾಗಾದರೆ ಸಿಸ್ಟರಿಗೆ ಜಾಸ್ತಿ ಫೈನ್, ನನಗೆ ಕಡಿಮೆ ಬೀಳುತ್ತದೆ. ಅದು ಈಗಿನದಕ್ಕಿಂತ ದೊಡ್ಡ ಅನ್ಯಾಯ.

ಮೂರ್ನಾಡು ಸಿಸ್ಟರ್

ನಿಜ. ಆದಾಯದ ಲೆಕ್ಕ ನಮ್ಮಲ್ಲಿ ನಡೆಯುವುದಿಲ್ಲ.

ನನಗೆ ಇನ್ನೊಂದು ವಿಷಯ ಬೇಸರ. 2023ರ ಫೆಬ್ರವರಿಯಲ್ಲಿ ಬಾಕಿ ಫೈನಿಗೆ ಅರ್ಧ ರಿಯಾಯಿತಿ ಕೊಟ್ಟರು. ಆಮೇಲೂ ಕೊಟ್ಟರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅರ್ಧ. ಬಾಕಿ ವಸೂಲಾಗಲಿ ಅನ್ನುವ ಕಾರಣ ಅರ್ಥವಾಗುತ್ತದೆ. ಆದರೆ ಮೆಸೇಜ್ ಬಂದ ದಿನವೇ ಪೂರ್ತಿ ಕಟ್ಟಿದವರಿಗೆ ಏನು ಸಿಕ್ಕಿತು? ಕಾಯುತ್ತಾ ಕೂತರೆ ಅರ್ಧ ಆಗುತ್ತದೆ ಅಂತ ಜನ ಕಲಿತುಬಿಟ್ಟರು. ಹತ್ತಾರು ಚಲನ್ ಇಟ್ಟುಕೊಂಡು ತಿರುಗುವವರಿಗೇ ಇದರಲ್ಲಿ ಲಾಭ. ಪಿಕಪ್ ಅಣ್ಣನಂಥವರು ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು, ಇನ್ಶೂರೆನ್ಸ್ ಕಟ್ಟಬೇಕು ಅಂತ ಹೆದರಿ ಮೊದಲೇ ಕಟ್ಟುತ್ತಾರೆ.

ರಿಯಾಯಿತಿ ಕೊಡುವುದೇ ಆದರೆ ಬೇಗ ಕಟ್ಟಿದವರಿಗೆ ಕೊಡಲಿ. ಒಂದು ವಾರದೊಳಗೆ ಕಟ್ಟಿದರೆ ಕಡಿಮೆ, ತಡವಾದರೆ ಪೂರ್ತಿ.

ವಿರಾಜಪೇಟೆ ಮೇಷ್ಟ್ರು

ಸಿಸ್ಟರ್ ಮಾತಿಗೆ ನನ್ನದೂ ಓಟು. ದುಡ್ಡಿನ ದಂಡ ಶ್ರೀಮಂತನಿಗೆ ತಾಗುವುದಿಲ್ಲ ಅನ್ನುವುದಕ್ಕೆ ನನ್ನ ಬಳಿ ಇರುವ ಪರಿಹಾರ ಡಿಎಲ್. ಎಲ್ಲರಿಗೂ ಡಿಎಲ್ ಒಂದೇ, ಎಲ್ಲರಿಗೂ ದಿನಕ್ಕೆ 24 ಗಂಟೆ. ಪದೇ ಪದೇ ಮೀರಿದವನಿಗೆ ಮೂರು ತಿಂಗಳು ಗಾಡಿ ಬಿಡಬೇಡ ಅಂದರೆ ಕೋಟಿ ಇದ್ದರೂ ತಾಗುತ್ತದೆ.

ಪಿಕಪ್ ಓಡಿಸುವವ

ಇಲ್ಲ ಮೇಷ್ಟ್ರೇ, ಇದನ್ನು ಒಪ್ಪಲಾರೆ. ಡಿಎಲ್ ಹೋದರೆ ಅವರು ಡ್ರೈವರ್ ಇಟ್ಟುಕೊಳ್ಳುತ್ತಾರೆ. ನನ್ನ ಮನೆಯಲ್ಲಿ ಮೂರು ತಿಂಗಳು ಒಲೆ ಉರಿಯುವುದಿಲ್ಲ. ದುಡ್ಡಿನ ದಂಡವಾದರೂ ಸಾಲ ಮಾಡಿ ಕಟ್ಟಬಹುದು.

ವಿರಾಜಪೇಟೆ ಮೇಷ್ಟ್ರು

ನೀವು ಹೇಳುವುದು ಸರಿ. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಹಾಗಿದ್ದರೆ ಕೂಲಿಗೆ ಓಡಿಸುವವರ ವಿಷಯದಲ್ಲಿ ಡಿಎಲ್‌ಗೆ ಕೈ ಹಾಕುವ ಮೊದಲು ಆ 183ನೇ ಕಲಂನ ಟೈಮ್‌ಟೇಬಲ್ ಪ್ರಶ್ನೆ ಕೇಳಲೇಬೇಕು. ಯಾರು ಅವಸರ ಮಾಡಿದ್ದು ಅಂತ. ಸ್ವಂತ ಖುಷಿಗೆ ಓಡಿಸುವವರಿಗೆ ಆ ಪ್ರಶ್ನೆ ಬರುವುದಿಲ್ಲ.

ತಿತಿಮತಿ ಕಾಡಂಚು

ಸರ್ಕಾರಕ್ಕೆ ಫೈನ್ ಹಾಕುವವರು ಯಾರು? ರಸ್ತೆ ಗುಂಡಿ, ಬೋರ್ಡ್ ಇಲ್ಲದ ತಿರುವು, ಬಣ್ಣ ಹಚ್ಚದ ಹಂಪ್. ರಾತ್ರಿ ಬಣ್ಣ ಇಲ್ಲದ ಹಂಪಿನಲ್ಲಿ ನಿಧಾನ ಹೋಗುವವನೂ ಬೀಳುತ್ತಾನೆ.

ಕಾನೂನು ಓದುತ್ತಿರುವವಳು, ಮಡಿಕೇರಿ

ಅದಕ್ಕೂ ಕಲಂ ಇದೆ ಅಣ್ಣಾ. 198ಎ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆ ನಿಗದಿತ ಮಟ್ಟದಲ್ಲಿ ಇಲ್ಲದೆ ಅದರಿಂದ ಸಾವು ಅಥವಾ ಅಂಗ ಊನ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷದವರೆಗೆ ದಂಡ. ಆದರೆ ಅಪಘಾತದ ವರದಿಯಲ್ಲಿ "ಅತಿವೇಗ" ಅಂತ ಬರೆದರೆ ರಸ್ತೆಯ ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಕೇಂದ್ರದ 2022ರ ವರದಿಯಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ ಶೇ. 71ರಷ್ಟು ಸಾವಿಗೆ ಅತಿವೇಗ ಕಾರಣ ಅಂತ ಇದೆ. ಅತಿವೇಗ ದೊಡ್ಡ ಕಾರಣ ಅನ್ನುವುದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಆ ಸಾವುಗಳಲ್ಲಿ ತಿರುವಿನ ಬೋರ್ಡ್ ಇತ್ತಾ, ತಡೆಗೋಡೆ ಇತ್ತಾ ಅನ್ನುವುದನ್ನೂ ಪ್ರತಿಸಲ ಬರೆಯಬೇಕು.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷರು. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ ಎಲ್ಲರೂ ಅಲ್ಲಿ ಕೂರುತ್ತಾರೆ. ನಾವು ಇಲ್ಲಿ ಮಾತಾಡಿದ್ದನ್ನು ಅಲ್ಲಿಗೆ ಬರೆದು ಕೊಡಬಹುದು.

ಸುಂಟಿಕೊಪ್ಪ ತೋಟದವ

ಬರೆಯೋಣ. ಮೊದಲು ನನ್ನ ಪ್ರಶ್ನೆಗೆ ನನ್ನ ಉತ್ತರ. ಹುಡುಗನನ್ನು ಕೂರಿಸಿ ಕೇಳಿದೆ. ಅವನು ಹೊರಟದ್ದು ಬೆಳಗ್ಗೆ ಏಳೂವರೆಗೆ, ಲೋಡ್ ಮುಗಿದದ್ದೇ ಆಗ. ಅಲ್ಲಿ ಇಳಿಸಿ, ರಾತ್ರಿಯೊಳಗೆ ವಾಪಸ್ ಬರಬೇಕು ಅಂತ ನಮ್ಮ ರೈಟರ್ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು) ಹೇಳಿದ್ದರು. ಲೆಕ್ಕ ಹಾಕಿದರೆ ಮಿತಿಯೊಳಗೆ ಓಡಿಸಿ, ನಡುವೆ ಒಂದು ಊಟ ಮಾಡಿ ಬರಲು ಸಮಯ ಸಾಲುವುದಿಲ್ಲ. ಫೈನ್ ತೋಟದ ಖರ್ಚಿಗೆ ಹಾಕಿದ್ದೇನೆ, ಸಂಬಳದಿಂದ ಹಿಡಿಯುವುದಿಲ್ಲ. ಇನ್ನು ಬೆಂಗಳೂರಿನ ಲೋಡ್ ಹಿಂದಿನ ಸಂಜೆಯೇ ಏರಿಸಿ ಟಾರ್ಪಾಲ್ ಕಟ್ಟಿಡುತ್ತೇವೆ. ತಡವಾದರೆ ಅಲ್ಲೇ ಮಲಗಿ ಮರುದಿನ ಬರಲಿ, ಬಾಟಾ (ಊಟ, ವಸತಿಯ ಭತ್ಯೆ) ಕೊಡುತ್ತೇನೆ. ಇಷ್ಟಾದ ಮೇಲೆ ಮತ್ತೆ ಸ್ಪೀಡ್ ಫೈನ್ ಬಂದರೆ ಅದು ಅವನದು. ಅವನೂ ಒಪ್ಪಿದ್ದಾನೆ.

ಪಿಕಪ್ ಓಡಿಸುವವ

ಅಣ್ಣಾ, ಇಂಥ ಮಾಲೀಕರು ಇದ್ದರೆ ನಾನು 50ರಲ್ಲೇ ಓಡಿಸುತ್ತೇನೆ. ನಮ್ಮವರಿಗೂ ಇದನ್ನು ತೋರಿಸುತ್ತೇನೆ.

ಮೂರ್ನಾಡು ಸಿಸ್ಟರ್

ಬಹಳ ಸಮಾಧಾನವಾಯಿತು. ಅರ್ಜಿಯಲ್ಲಿ ಶಾಲೆ ಮುಂದಿನ ರಸ್ತೆಗಳನ್ನು ಮರೆಯಬೇಡಿ. ಬಿಡುವ ಹೊತ್ತಿಗೆ ಸ್ಪೀಡ್ ಗನ್ ಅಲ್ಲಿರಲಿ.

ಕಾನೂನು ಓದುತ್ತಿರುವವಳು, ಮಡಿಕೇರಿ

ಅರ್ಜಿ ಕರಡು ನಾನು ಬರೆಯುತ್ತೇನೆ. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ, ಆನೆಕಾಡು, ಆನೆಚೌಕೂರು ರಸ್ತೆ ಈಗ ಪಟ್ಟಿಯಲ್ಲಿವೆ. ಕಾಡಿನ ರಸ್ತೆಗೆ ಚೀಟಿ ಪದ್ಧತಿ, ಕ್ಯಾಮೆರಾ ಮೊದಲು ತಿರುವುಗಳಿಗೆ, ಖಾಸಗಿ ಬಸ್ ಟೈಮಿಂಗ್ಸ್ ಪರಿಶೀಲನೆ, ಇವನ್ನೂ ಸೇರಿಸುತ್ತೇನೆ.

ನಿಮ್ಮ ಕಡೆ ಬಳ್ಳಿ ಮುಚ್ಚಿದ ಬೋರ್ಡ್, ಬೋರ್ಡೇ ಇಲ್ಲದ ತಿರುವು, ಬಣ್ಣ ಹೋದ ಹಂಪ್ ಇದ್ದರೆ ಹಗಲಿನಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ. ಹತ್ತಿರದ ಕಿಲೋಮೀಟರ್ ಕಲ್ಲಿನ ನಂಬರ್ ಫೋಟೋದಲ್ಲಿ ಕಾಣಲಿ, ಇಲ್ಲದಿದ್ದರೆ ಜಾಗ ಯಾವುದು ಅಂತ ಆಫೀಸಿನವರಿಗೆ ಗೊತ್ತಾಗುವುದಿಲ್ಲ. ಗಾಡಿ ಪೂರ್ತಿ ಬದಿಗೆ ನಿಲ್ಲಿಸಿ ತೆಗೆಯಿರಿ, ಓಡಿಸುತ್ತಾ ಬೇಡ.

ಪಿಕಪ್ ಓಡಿಸುವವ

ಆ 30ರ ಬೋರ್ಡಿನದ್ದು ನಾಳೆ ಬೆಳಗ್ಗೆ ಹಾಕುತ್ತೇನೆ. ಕಲ್ಲು ಅದರ ಪಕ್ಕದಲ್ಲೇ ಇದೆ.